ಐನೂರರ ಮೇಲಿನ ಒಂದು ರೂಪಾಯಿ

ನಮ್ಮ ಸಂಘದ ಯಕ್ಷಗಾನದ ಟಿಕೆಟಿಗೆ ಆ್ಯಪಿನಲ್ಲಿ ಐನೂರ ಒಂದು ಎಂದು ದರ ತುಂಬಿಸಿದವನು ನಾನೇ, ಕಾರ್ಯದರ್ಶಿ. ತುಂಬಿಸಲು ಹೇಳಿದವರು ಕೊರಗಪ್ಪಣ್ಣ. ಗ್ರಾಂಟ್ ರೋಡಿನಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿ, ಅರವತ್ತೈದರಲ್ಲಿ ಮೊದಲ ಸಲ ಮಹಿಷಾಸುರನ ವೇಷ ಕಟ್ಟಲು ಹೊರಟವರು. ಶುಭಕಾರ್ಯಕ್ಕೆ ಮೇಲೊಂದು ರೂಪಾಯಿ ಬೇಡವೇ ಎಂದರು. ಬೇಕು ಎಂದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಆ್ಯಪ್ ಐನೂರ ತೊಂಬತ್ತೊಂದು ರೂಪಾಯಿ ಹದಿನೆಂಟು ಪೈಸೆ ತೋರಿಸಿತು. ಅದರ ಮೇಲೆ ಆ್ಯಪಿನ ಶುಲ್ಕ, ಆ ಶುಲ್ಕಕ್ಕೂ ಜಿಎಸ್‌ಟಿ. ಸಂಘದ ಲೆಕ್ಕ ನೋಡುವ ಅಮಿತ ಬಿಡಿಸಿ ಹೇಳಿದ: ಇಂಥ ಆಟಕ್ಕೆ ಐನೂರರವರೆಗೆ ತೆರಿಗೆಯಿಲ್ಲ, ದಾಟಿದರೆ ದಾಟಿದ ಒಂದು ರೂಪಾಯಿಗಲ್ಲ, ಪೂರ್ತಿ ಐನೂರ ಒಂದಕ್ಕೂ ಶೇಕಡಾ ಹದಿನೆಂಟು. ಮೂಗಿಗಿಂತ ಮೂಗುತಿ ಭಾರ. ವಾರ ಕಳೆದರೂ ಒಂದು ಟಿಕೆಟೂ ಹೋಗಲಿಲ್ಲ.

ದರ ಐನೂರಕ್ಕೆ ಇಳಿಸಿದೆ. ಹಾಲ್ ತುಂಬಿತು, ಕೊರಗಪ್ಪಣ್ಣನ ಮುಖ ಬಾಡಿತು.

"ಬರೀ ಐನೂರು ತಿಥಿಯ ಲೆಕ್ಕ ಮಾರಾಯ. ಮೇಲಿನ ಒಂದು ಕೈಗೆ ಬಾರದೆ ನಾನು ರಂಗಕ್ಕೆ ಕಾಲಿಡುವುದಿಲ್ಲ."

ಬಾಗಿಲಲ್ಲಿ ವಸೂಲು ಮಾಡೋಣವೆಂದೆ. ಅಮಿತ ಒಪ್ಪಲಿಲ್ಲ.

"ಕೇಳಿದ್ರೆ ಅದೂ ಟಿಕೆಟ್, ಕಾಕಾ. ಕೇಳದೆ ಕೊಟ್ರೆ ಕಾಣಿಕೆ."

ಹೀಗಾಗಿ ಪರೇಲಿನ ಹಾಲಿನ ಬಾಗಿಲಲ್ಲಿ ಕೊಂಬು ಕಟ್ಟಿದ ಮಹಿಷಾಸುರ ಬಾಯಿ ಮುಚ್ಚಿ ನಿಂತ. ಮುನ್ನೂರು ಜನ ಸೆಲ್ಫಿ ತೆಗೆದುಕೊಂಡು ಒಳಗೆ ಹೋದರು. ಎಲ್ಲದಕ್ಕೂ ಫೋನಿನಲ್ಲೇ ಹಣ ಕೊಡುವ ಊರಿನಲ್ಲಿ ನಾಣ್ಯ ಯಾರ ಜೇಬಿನಲ್ಲಿದೆ? ನಾನೇ ಒಂದು ಕೊಡಹೋದರೆ, ಸಂಘದವನದ್ದು ನಡೆಯದು, ನೋಡಲು ಬಂದವರದ್ದೇ ಆಗಬೇಕು ಎಂದು ಕೊರಗಪ್ಪಣ್ಣ ಗುರಾಯಿಸಿದರು. ಒಳಗೆ ಭಾಗವತರು ಅಸುರನ ಪ್ರವೇಶದ ಪದವನ್ನು ಮೂರು ಸಲ ಹಾಡಿದರು. ಅಸುರ ಅಲ್ಲಾಡಲಿಲ್ಲ. ನನಗೆ ಅಳುವುದೊಂದು ಬಾಕಿ.

ಆಗ ಮೆಟ್ಟಿಲು ಹತ್ತಿ ಬಂದವರು ಕೊರಗಪ್ಪಣ್ಣನ ಹೆಂಡತಿ ಸೇವಂತಿಯಕ್ಕ. ಎಲ್ಲಿ ಆಟವಿದ್ದರೂ ಗಂಡ ಓಡುವಾಗ ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು, ಒಂದು ಆಟವನ್ನೂ ನೋಡದವರು. ಸೆರಗಿನ ಗಂಟು ಬಿಚ್ಚಿ, ಒಂದು ರೂಪಾಯಿಯನ್ನು ಅಸುರನ ಅಂಗೈಯಲ್ಲಿಟ್ಟರು.

"ಆ್ಯಪು ಗೀಪು ನನಗೆ ಗೊತ್ತಿಲ್ಲ. ಐನೂರು ಕೊಟ್ಟಿಲ್ಲ, ಬರೀ ಒಂದೇ. ಹೋಟೆಲಿಗೆ ಬೀಗ ಹಾಕಿ ಬಂದೆ."

ಒಂದು ರೂಪಾಯಿಗೆ ತೆರಿಗೆಯಿಲ್ಲ ಎಂದು ಅಮಿತ ಗೊಣಗಿದ. ಕೊರಗಪ್ಪಣ್ಣ ನಾಣ್ಯವನ್ನು ಕಣ್ಣಿಗೊತ್ತಿಕೊಂಡರು, ಬಣ್ಣ ಕಲಸಿಹೋಯಿತು. ಆಮೇಲೆ ಬಾಗಿಲು ತಳ್ಳಿ, ಹಾಲ್ ನಡುಗುವಂತೆ ಆರ್ಭಟಿಸಿದರು:

"ಮುಂದಿನ ಸಾಲು ಬಿಡಿ. ಟಿಕೆಟು ತೆಗೆದವರು ಬಂದಿದ್ದಾರೆ."