ತೀರಿಕೊಂಡ ಅಮ್ಮನಿಂದ ಬಂದ ಮೇಲ್

ರಕ್ತ ಪರೀಕ್ಷೆಯ ಆ ಚಿಕ್ಕ ಲ್ಯಾಬನ್ನು ಕಟ್ಟಿದ ಅಮ್ಮ ತೀರಿಕೊಂಡು ವರ್ಷವಾಗಿತ್ತು. ಆದರೂ ರಿಪೋರ್ಟುಗಳೆಲ್ಲ ಅವರ ಹೆಸರಿನಲ್ಲೇ ಮೇಲ್ ಆಗಿ ಹೋಗುತ್ತಿದ್ದವು. ಆ ಹೆಸರು ತೆಗೆಯಲು ಮಗನಿಗೆ ಮನಸ್ಸು ಬಂದಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮನಿಂದ ಅವನಿಗೇ ಮೇಲ್ ಬಂತು. ‘ಮಗನೇ, ಪಾಸ್‌ವರ್ಡ್ ಮರೆತಿದ್ದೇನೆ. ಈ ಲಿಂಕ್ ಒತ್ತಿ ನಿನ್ನದನ್ನು ಕೊಡು.’ ವಿಳಾಸ ಲ್ಯಾಬಿನದೇ, ಒಂದಕ್ಷರವೂ ಆಚೀಚೆ ಇಲ್ಲ. ಪಕ್ಕದಲ್ಲಿ ಅಮ್ಮನ ಫೋಟೊ ನಗುತ್ತಿತ್ತು. ಅವನ ಬೆರಳು ಲಿಂಕಿನವರೆಗೂ ಹೋಗಿ ನಿಂತಿತು.

ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ತಂಗಿಯನ್ನು ಕರೆಸಿದ. ಅವಳು ನೋಡಿದಳು.

"ಅಣ್ಣ, ಲಕೋಟೆ ಹಿಂದೆ ಯಾರ ಹೆಸರನ್ನ ಬೇಕಾದ್ರೂ ಬರೀಬಹುದಲ್ವಾ? ಮೇಲೂ ಅಷ್ಟೇ. ಯಾರೋ ಅಮ್ಮನ ಮುಖವಾಡ ಹಾಕ್ಕೊಂಡಿದ್ದಾರೆ."

ಅಣ್ಣ ಒಪ್ಪಲಿಲ್ಲ. ಗೂಡಂಗಡಿಯಷ್ಟು ಲ್ಯಾಬಿನ ಮೇಲೆ ಯಾರ ಕಣ್ಣು ಬಿದ್ದೀತು ಎಂದ. ಹಾಗೆನ್ನುವಾಗಲೇ ಎದುರು ಬೀದಿಯ ಬಸುರಿ ದರ್ಜಿ ನೆನಪಾದಳು. ರಕ್ತ ತೀರ ಕಡಿಮೆಯಿದೆ, ಕೂಡಲೇ ಡಾಕ್ಟರ ಬಳಿ ಹೋಗಿ ಎಂದು ಹಿಂದಿನ ದಿನ ಅವಳಿಗೆ ಮೇಲ್ ಬರೆದಿದ್ದ. ಉತ್ತರವಿಲ್ಲ, ಲ್ಯಾಬಿನಿಂದ ಮಾಡಿದ ಫೋನನ್ನೂ ಅವಳು ಎತ್ತಿರಲಿಲ್ಲ.

ಇಬ್ಬರೂ ಓಡಿದರು. ದರ್ಜಿ ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ಕೂತಿದ್ದಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ.

"ನಿಮ್ಮಮ್ಮ ಮೇಲ್ ಕಳಿಸ್ತಾನೇ ಇದ್ದಾರೆ, ಅಣ್ಣ. ಮೊದಲನೇದರಲ್ಲಿ ಲಿಂಕ್ ಒತ್ತಿದೆ, ನನ್ನ ಪಾಸ್‌ವರ್ಡ್ ಹೋಯ್ತು. ಆಮೇಲೆ ಬಂದಿದ್ದು ಯಾವುದನ್ನೂ ತೆರೀಲಿಲ್ಲ. ಸತ್ತವರು ಕರೆದ್ರೆ ಓಗೊಡಬಾರದು ಅಂತಾರಲ್ಲ."

ತೆರೆಯದ ಆ ಮೇಲ್‌ಗಳ ನಡುವೆ ಅವನ ನಿಜವಾದ ಎಚ್ಚರಿಕೆಯೂ ಇತ್ತು. ಅದನ್ನು ಕಂಡು ಅವನಿಗೆ ಅಳು ಬಂತು. ಗಾಡಿ ತರಿಸಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಇನ್ನೂ ತಡವಾಗಿದ್ದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕಷ್ಟವಿತ್ತು ಎಂದರು ಡಾಕ್ಟರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವನ ಪುಣ್ಯ, ಕೋಟೆ ಉಳಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಎಲ್ಲ ಬಿಡಿಸಿ ಹೇಳಿದಳು. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರುಗಳಿಗೆ, ಅಪ್ಪಣೆಯಿದೆ ಎಂದು ಸಾರಿಡುವುದು ಎಸ್‌ಪಿಎಫ್. ಪ್ರತಿ ಮೇಲಿಗೂ ಬೇರೆಯವರು ಹಾಕಲಾಗದ ಮುದ್ರೆ ಒತ್ತುವುದು ಡಿಕಿಮ್. ಈ ಎರಡರಲ್ಲಿ ಒಂದನ್ನೂ ದಾಟದೆ ನಮ್ಮ ಹೆಸರು ಹೇಳಿಕೊಂಡು ಬಂದದ್ದನ್ನು ಒಳಗೆ ಬಿಡಬೇಡಿ, ಯಾರು ಬಂದಿದ್ದರೆಂದು ನಮಗೂ ತಿಳಿಸಿ ಎಂದು ಮೇಲ್ ಪಡೆಯುವವರ ಸರ್ವರಿಗೆ ಹೇಳುವುದು ಡಿಮಾರ್ಕ್. ಮೊದಲು ಸ್ವಲ್ಪ ದಿನ ಬರೀ ಗಮನಿಸಿ, ನಮ್ಮ ಸ್ವಂತ ಮೇಲ್‌ಗಳೆಲ್ಲ ಸರಿಯಾಗಿ ದಾಟುತ್ತಿವೆ ಎಂದು ಖಚಿತವಾದ ಮೇಲೆ ತಡೆ ಹಾಕಬೇಕು ಎಂದಳು.

ಅಣ್ಣ ಹಾಗೇ ಮಾಡಿಸಿದ. ಈಗ ಮೇಲ್‌ಗಳು ಅವನ ಹೆಸರಿನಲ್ಲೇ ಹೋಗುತ್ತವೆ. ದರ್ಜಿಯೂ ಪಾಸ್‌ವರ್ಡ್ ಬದಲಿಸಿಕೊಂಡು, ಲ್ಯಾಬಿನ ಮೇಲ್ ತೆರೆಯತೊಡಗಿದ್ದಾಳೆ. ಆದರೆ ದಿನವೂ ಡಿಮಾರ್ಕ್ ವರದಿ ಬರುತ್ತದೆ. ಎಲ್ಲೆಲ್ಲಿಂದಲೋ ಯಾರೋ ಇನ್ನೂ ಲ್ಯಾಬಿನ ಹೆಸರು ಹೇಳಿಕೊಂಡು ಬರುತ್ತಿದ್ದಾರೆ, ಬಾಗಿಲಲ್ಲೇ ವಾಪಸ್ ಹೋಗುತ್ತಿದ್ದಾರೆ. ಓದುವಾಗ ಅವನಿಗೆ ಈಗಲೂ ಹೆದರಿಕೆ.

ನಿಮ್ಮ ಸಂಘ, ಶಾಲೆ, ಅಂಗಡಿಯಿಂದ ಮೇಲ್ ಹೋಗುತ್ತದೆಯೇ? ಈ ಮೂರೂ ಇವೆಯೇ, ಡಿಮಾರ್ಕ್ ತಡೆಯುತ್ತಿದೆಯೋ ಬರೀ ನೋಡುತ್ತಿದೆಯೋ ಎಂದು ಇವತ್ತೇ ವಿಚಾರಿಸಿ. ಅಕ್ಷರ ತುಸು ಬದಲಿಸಿದ ನಕಲಿ ವಿಳಾಸವನ್ನು ಇವು ತಡೆಯಲಾರವು. ಅನುಮಾನ ಬಂದರೆ ಲಿಂಕ್ ಒತ್ತಬೇಡಿ, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಿ. ನಿಮ್ಮ ಹೆಸರಿನಲ್ಲಿ ಈ ಹೊತ್ತು ಯಾರು ಬರೆಯುತ್ತಿದ್ದಾರೋ ನಿಮಗೆ ತಿಳಿಯದು. ನಾಳೆ ನೀವು ನಿಜವಾಗಿ ಬರೆದಾಗ, ಓದಬೇಕಾದವರು ಅದನ್ನು ತೆರೆಯಬೇಕಲ್ಲ.