ನಂಬರ್ ಒನ್ ಸಿನಿಮಾದ ಸೆಕೆಂಡ್ ಹಾಫ್

ನಮ್ಮ ಯಜಮಾನರಷ್ಟು ಸಿನಿಮಾ ಹುಚ್ಚಿನ ಮನುಷ್ಯ ಇಡೀ ಪಾಪಿನಾಯಕನಹಳ್ಳಿಯಲ್ಲಿ ಸಿಕ್ಕುವುದಿಲ್ಲ. ಟಾಕೀಸಿನಲ್ಲಿ ಅವರಷ್ಟು ಗೊರಕೆ ಹೊಡೆಯುವವರೂ ಸಿಕ್ಕುವುದಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದವರು ಮಲಗಬೇಕೋ ಬೇಡವೋ? ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಹೊಸಪೇಟೆಗೆ ಮ್ಯಾಟಿನಿಗೆ ಓಡುವುದು, ಇಂಟರ್ವಲ್‌ನಲ್ಲಿ ಮಿರ್ಚಿ ತಿಂದು ನನ್ನ ಭುಜದ ಮೇಲೆ ಒರಗಿಬಿಡುವುದು. ವಾಪಸ್ ಬರುವಾಗ ಸೆಕೆಂಡ್ ಹಾಫ್ ಕಥೆ ನಾನು ಹಿಂದೆ ಕೂತು ಹೇಳಬೇಕು. ಬಾಯೊಳಗೆಲ್ಲ ಅದಿರು ಲಾರಿಗಳ ಧೂಳು. ಈ ಪುಣ್ಯಾತ್ಮರು ಮಾತ್ರ ಮಾತಿಗೊಮ್ಮೆ "ಹೂಂ, ಆಮ್ಯಾಲೆ?" ಎನ್ನುತ್ತಿದ್ದರು.

ಡಿಸೆಂಬರ್ ಕೊನೆಗೆ ಇವರ ಕಾರ್ಖಾನೆ ಬಸ್ಸಿನಲ್ಲಿ ದೊಡ್ಡ ಪಂಚಾಯ್ತಿ. ವರ್ಷದಲ್ಲಿ ನೋಡಿದ ಸಿನಿಮಾಗಳಿಗೆ ಒಬ್ಬೊಬ್ಬರೂ ನಂಬರ್ ಕೊಡಬೇಕು. ಯಾವುದಕ್ಕೆ ನಂಬರ್ ಒನ್ ಕೊಟ್ಟರೋ ಅದರ ಕ್ಲೈಮ್ಯಾಕ್ಸ್ ಎದ್ದು ನಿಂತು ಹೇಳಬೇಕು, ಇಲ್ಲದಿದ್ದರೆ ವೋಟು ಕ್ಯಾನ್ಸಲ್. ಇವರು ನನ್ನಿಂದ ಕೇಳಿದ್ದನ್ನೇ ಹೇಳಿ ಪ್ರತಿ ವರ್ಷ ಚಪ್ಪಾಳೆ ಗಿಟ್ಟಿಸುತ್ತಿದ್ದರು. ನನ್ನ ಹೆಸರು ಒಮ್ಮೆಯಾದರೂ ಎತ್ತಿದ್ದರೆ ಕೇಳಿ!

ಈ ವರ್ಷ ಆಷಾಢದಲ್ಲಿ ಇವರ ಹೊಟ್ಟೆನೋವು ತೋರಿಸಲು ಹೋದಾಗ ಬಳ್ಳಾರಿಯ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಇವರ ಕ್ಯಾನ್ಸರ್ ಲಿವರಿಗೂ ಹಬ್ಬಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು. ಹೊರಗೆ ಬಂದು ಇವರಿಗೆ, "ಹೊಟ್ಟ್ಯಾಗ ಹುಣ್ಣಂತ್ರಿ, ಗುಳಿಗಿ ನುಂಗಿದ್ರ ಹೋಗ್ತೈತಂತ" ಎಂದೆ.

ಆಮೇಲೆ ನೋಡಿದ್ದು ಒಂದೇ ಸಿನಿಮಾ. ಹಾಳಾದ್ದು, ಅದರ ಹೀರೋಗೂ ಅದೇ ಕಾಯಿಲೆ! ಲಾರಿ ಡ್ರೈವರ್, ಕೊನೆಗೆ ಸತ್ತೇಹೋಗುತ್ತಾನೆ. ಇವರು ಎಂದಿನಂತೆ ಒರಗಿದ್ದರು. ಅವತ್ತು ಬೈಕಿನ ಮೇಲೆ ನಾನು ಮೊದಲ ಸಲ ಕಥೆ ಬದಲಿಸಿದೆ. ಅವನು ಆಸ್ಪತ್ರೆಯಿಂದ ಎದ್ದು ಬಂದ, ಲಾರಿ ತೊಳೆದ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಂಪಿಗೆ ಹೋದ ಎಂದು ಬಾಯಿಗೆ ಬಂದದ್ದು ಹೇಳಿದೆ. ಇವರು "ಆಮ್ಯಾಲೆ?" ಎನ್ನಲಿಲ್ಲ.

ಮೊನ್ನೆ ಗಾಳೆಪ್ಪ ಬಂದ. ಬಸ್ಸಿನಲ್ಲಿ ಇವರ ಪಕ್ಕದ ಸೀಟಿನವನು. ಇವರು ಹಾಸಿಗೆ ಹಿಡಿದಿದ್ದರಿಂದ ವೋಟು ಕೇಳಲು ಮನೆಗೇ ಬಂದಿದ್ದ.

"ದೆವ್ವದ ಸಿನಿಮಾಕ್ಕ ಮೂರು, ಪೊಲೀಸಂದಕ್ಕ ಎರಡು," ಎಂದರು ಇವರು. "ನಂಬರ್ ಒನ್ ಲಾರಿ ಡ್ರೈವರಂದು."

ನಾನು ಚಹಾ ಲೋಟ ಹಿಡಿದು ನಡುವೆ ಬಂದೆ. "ಸಾಕ್ ಬಿಡ್ರಿ ಗಾಳೆಪ್ಪಣ್ಣ, ಭಾಳ ಮಾತಾಡಿದ್ರ ಅವ್ರಿಗೆ ಸುಸ್ತಾಕ್ಕೈತಿ. ಚಾ ಕುಡೀರಿ."

"ರೂಲ್ಸ್ ಅಂದ್ರ ರೂಲ್ಸ್ ಅಕ್ಕಾ," ಎಂದ ಗಾಳೆಪ್ಪ ಇವರ ಕಡೆ ತಿರುಗಿದ. " ಕ್ಲೈಮ್ಯಾಕ್ಸ್ ಹೇಳಲೇ ಜಂಬ್ಯಾ."

ಇವರು ನಿಧಾನವಾಗಿ ಹೇಳಿದರು. ಲಾರಿ ತೊಳೆದದ್ದು, ಹಂಪಿಗೆ ಹೋದದ್ದು, ಎಲ್ಲಾ ನಾನು ಹೇಳಿದ ಹಾಗೆಯೇ.

"ತಲಿ ಕೆಟ್ಟೈತೇನಲೇ? ಅವ ಸಾಯ್ತಾನಲ್ಲೋ!" ಎಂದ ಗಾಳೆಪ್ಪ, ಎಂದವನೇ ಇವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

"ನೀ ನೋಡಿದ ಶೋದಾಗ ಸತ್ತಿರಬೇಕು. ನಮ್ಮ ಶೋದಾಗ ಸಾಯ್ಲಿಲ್ಲ. ವೋಟು ಬರ್ಕಾ, ಹೋಗು."

ಗಾಳೆಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ನಾನು ಲೋಟ ತೆಗೆಯುತ್ತಾ, "ಅವಂಗೇನ್ ಗೊತ್ತ್ರಿ, ನಡುವ ಎದ್ದು ಬಂದಿರ್ತಾನ ಹುಚ್ಚ" ಎಂದೆ. ಇವರು ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಹೇಮಾ, ಅವತ್ತು ನನಗ ನಿದ್ದಿ ಬಂದಿರ್ಲಿಲ್ಲ."

ನಾನು ಲೋಟ ಕೆಳಗಿಟ್ಟೆ.

"ಡಾಕ್ಟ್ರು ನಿನ್ನೊಬ್ಬಾಕಿನ್ನ ಒಳಗ ಕರದಾಗ್ಲೇ ತಿಳೀತು. ಟಾಕೀಸಿನಾಗ ಸೆರಗು ಬಾಯಾಗ ತುರುಕ್ಕೊಂಡು ಅಳಾಕತ್ತಿದ್ದಿ. ಭುಜ ಹಂಗ ನಡುಗ್ತಿತ್ತು. ಅದರ ಮ್ಯಾಲೆ ತಲಿ ಇಟ್ಟಾವ ಹೆಂಗ ಮಲಗ್ಲಿ?"

ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು. "ಎಲ್ಲಾ ಗೊತ್ತಿದ್ದೂ ಸುಮ್ನ ಇದ್ರೇನ್ರಿ? ದಿನಾ ಬಚ್ಚಲದಾಗ ನಳ ಬಿಟ್ಕೊಂಡು ಒಬ್ಬಾಕೀನ ಅತ್ತು ಅತ್ತು ಸತ್ತೆನಲ್ರೀ!"

"ಏನ್ ಮಾಡ್ಲಿ?" ಎಂದರು. "ಆ ಗಾಳ್ಯಾಗ, ಆ ಧೂಳಿನಾಗ ಒದರಿ ಒದರಿ ಆ ಡ್ರೈವರನ್ನ ಬದುಕಿಸಾಕತ್ತಿದ್ದಿ. ಬ್ಯಾಡ ಬಿಡು ಅಂತ ಹೆಂಗ ಅನ್ಲಿ?"

ನಾನು ಎದ್ದು ಬಚ್ಚಲಿಗೆ ಹೋಗಲಿಲ್ಲ. ಅವರ ಎದುರಿಗೇ ಕೂತು ಬಾಯಿ ಬಿಟ್ಟು ಅತ್ತೆ.