ಕುಂಕುಮ ಹಚ್ಚಿದ ಪೆನ್‌ಡ್ರೈವ್

ಕಂಪ್ಯೂಟರು ರಿಪೇರಿ ಮಾಡುವ ಕುಮಟೆಯ ವಿನೋದನ ಸ್ಕೂಟರು ಆ ವಾರ ಮೂರನೇ ಸಲ ಅಂಗಡಿ ಮುಂದೆ ನಿಂತದ್ದನ್ನು ಕಂಡದ್ದೇ ತಡ, ಮಾಲತಿ ಕಂಪ್ಯೂಟರಿಗೆ ಚುಚ್ಚಿದ್ದ ಪೆನ್‌ಡ್ರೈವನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದ್ದು ಚಿಕ್ಕ ಜೆರಾಕ್ಸ್ ಅಂಗಡಿ. ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಮದುವೆ ಕಾಗದ ಅಚ್ಚು ಹಾಕುವುದು, ಎಲ್ಲವೂ ಒಂದೇ ಹಳೆಯ ಕಂಪ್ಯೂಟರಿನ ಮೇಲೆ ನಡೆಯಬೇಕು.

"ಮತ್ತೆಂತ ಆತು ಮಾಲ್ತಕ್ಕ? ನಿಮ್ಮ ಕಂಪ್ಯೂಟರಿಗೆ ನನ್ನ ಮೇಲೆ ಮನಸ್ಸಾಗಿದ್ಯೋ ಎಂತದೋ" ಎನ್ನುತ್ತ ವಿನೋದ ಹೆಲ್ಮೆಟ್ ತೆಗೆದ.

"ಅದೇ ರೋಗ. ಬೆಳಿಗ್ಗೆ ಒತ್ತಿದ್ರೆ ಕಪ್ಪು ಪರದೆ, ಮೇಲೆ ಒಂದು ಸಾಲು ಅಕ್ಷರ, ಹುಳ ಹರ್ದ ಹಾಂಗೆ."

ಮೊದಲನೇ ಸಲ ಅವನು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ್ದ. ಮಾರನೇ ದಿನ ಅದೇ ಕಥೆ. "ಇದು ಬೂಟ್ ಸೆಕ್ಟರ್ ವೈರಸ್ಸು ಅಕ್ಕ. ಮನೆ ಒಳಗೆಲ್ಲ ಗುಡಿಸಿದ್ರೂ ಹೊಸಿಲ ಮೇಲೆ ಕೂತ ಕಳ್ಳ ಎದ್ದು ಹೋಗೂದಿಲ್ಲ" ಎಂದು ಎರಡನೇ ಸಲ ವಿಂಡೋಸನ್ನೇ ಬಿಟ್ಟು ಲಿನಕ್ಸ್ ಹಾಕಿದ್ದ. ಲಿನಕ್ಸ್ ಬಂದು ಡಿಸ್ಕಿನ ಮೊದಲ ಜಾಗದಲ್ಲಿ ತನ್ನದನ್ನೇ ಬರೆದುಕೊಳ್ಳುತ್ತದೆ, ಕಳ್ಳನಿಗೆ ಕೂರಲು ಜಾಗವೇ ಇರುವುದಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯೇ ಇತ್ತು. ಆ ಸಂಜೆ ಕಂಪ್ಯೂಟರು ಚೆಂದ ಓಡಿತು. ಬೆಳಿಗ್ಗೆ ಮತ್ತೆ ಕಪ್ಪು.

"ಶುರು ಮಾಡೂವಾಗ ಎಂತಾದ್ರೂ ಚುಚ್ಚಿ ಇಡ್ತ್ರಾ? ಪೆನ್‌ಡ್ರೈವು, ಹಳೇ ಸಿ.ಡಿ.?"

"ಇಲ್ಲಪ್ಪ" ಎಂದಳು ಮಾಲತಿ. ಸೆರಗಿನ ಗಂಟು ಕೆಂಡದ ಹಾಗೆ ಸುಟ್ಟಿತು. ಗಣಪತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸುಳ್ಳು ಹೇಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಪೆನ್‌ಡ್ರೈವಿನಲ್ಲಿ ಇದ್ದದ್ದು ಅವಳ ತಾಯಿ ಬೆಳ್ಳಿ ಹೇಳಿದ ಐದು ಪದ್ಯ. ಬೆಳ್ಳಿಯ ಅಪ್ಪ ಕುಪ್ಪ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ನಡೆಸುತ್ತಿದ್ದವ. ದೋಣಿಯ ಹುಟ್ಟು ಮುಟ್ಟುವ ಮೊದಲು ಹೇಳಲೆಂದು ತಾನೇ ಕಟ್ಟಿದ ಗಣಪತಿ ಸ್ತುತಿ ಅದು. ಯಾವ ಕಾಗದದಲ್ಲೂ ಇಲ್ಲ. ಬೆಳಕೆ ಊರಿನಲ್ಲಿರುವ ಬೆಳ್ಳಿಗೆ ಈಗ ಎಂಬತ್ತು; ಹೇಳುತ್ತ ಹೇಳುತ್ತ ಎರಡರಿಂದ ಸೀದಾ ನಾಲ್ಕನೇ ಪದ್ಯಕ್ಕೆ ಹಾರುತ್ತಾಳೆ. ನಡುವೆ ಒಂದಿತ್ತೆಂದರೆ ನಂಬುವುದಿಲ್ಲ. ಮೂರನೇ ಪದ್ಯ ಉಳಿದಿರುವುದು ಹನ್ನೊಂದು ವರ್ಷದ ಹಿಂದೆ ಮಾಡಿಟ್ಟ ಆ ರೆಕಾರ್ಡಿನಲ್ಲಿ ಮಾತ್ರ. ಮಾಲತಿ ಆ ಪೆನ್‌ಡ್ರೈವಿಗೆ ಕುಂಕುಮ ಹಚ್ಚಿ, ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಚುಚ್ಚಿ, ಆಮೇಲೇ ಗುಂಡಿ ಒತ್ತುವವಳು. ಕಂಪ್ಯೂಟರು ಕಣ್ಣು ಬಿಟ್ಟರೆ ಮೊದಲು ದೇವರೇ ಕಾಣಬೇಕು. ಐದೂ ಪದ್ಯ ಕೇಳಿದ ಮೇಲೆಯೇ ಉಳಿದ ಕೆಲಸ.

ಇನ್ನೊಂದು ಪ್ರತಿ ಕಂಪ್ಯೂಟರಿನೊಳಗೇ ಇತ್ತು. ಮೊದಲ ದಿನ ವಿನೋದ, "ಬೇಕಾದ್ದು ಎಂತಾದ್ರೂ ಇದ್ಯಾ?" ಎಂದಾಗ, ಗಿರಾಕಿಗಳ ಗಲಾಟೆಯಲ್ಲಿ ಇವಳು "ಎಲ್ಲ ಅಳ್ಸು" ಎಂದುಬಿಟ್ಟಿದ್ದಳು. ಈಗ ಈ ಪೆನ್‌ಡ್ರೈವೂ ಅವನ ಕೈಗೆ ಸಿಕ್ಕರೆ?

ವಿನೋದ ಕುರ್ಚಿಗೆ ಒರಗಿ ಕೈಚೆಲ್ಲಿದ. "ಹಾಂಗಾದ್ರೆ ಇದನ್ನ ಗುಜರಿಗೆ ಹಾಕಿ ಅಕ್ಕ. ನನಗೆ ಬುದ್ಧಿ ಇಲ್ಲ ಅಂದೇ ಅರ್ಥ."

ಹುಡುಗನ ಮುಖ ನೋಡಿ ಮಾಲತಿಗೆ ತಡೆಯಲಾಗಲಿಲ್ಲ. ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. "ಬುದ್ಧಿ ಇಲ್ದಿದ್ದು ನಂಗೆ ಮಾರಾಯ."

ಕುಂಕುಮದ ಪೆನ್‌ಡ್ರೈವನ್ನು ವಿನೋದ ಬಗ್ಗಿ ನೋಡಿದ. "ಇದನ್ನ ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?"

"ಹಿಂದಿನ ವಾರ ಅಂಗಡಿ ರಜೆ ದಿನ ಭಟ್ಕಳದಲ್ಲಿ ಒಂದು ಭಜನೆಗೆ ಕೊಟ್ಟಿದ್ದೆ. ಮೈಕಿನವ ಅವನ ಕಂಪ್ಯೂಟರಿಗೆ ಹಾಕಿದ್ದ."

"ಆತು, ಸಿಕ್ತು! ಗುಂಡಿ ಒತ್ತಿದ ಕೂಡ್ಲೆ ನಿಮ್ಮ ಕಂಪ್ಯೂಟರು ಮೊದಲು ನೋಡೂದೇ ಇದನ್ನ. ವಿಂಡೋಸೋ ಲಿನಕ್ಸೋ, ಅವು ಏಳೂದ್ರೊಳಗೆ ಇದರಲ್ಲಿದ್ದ ಕಳ್ಳ ಎದ್ದು ಒಳಗೆ ಬಂದಾಗಿರ್ತದೆ. ನಾ ಅವನ್ನ ಹೊರಗೆ ಹಾಕೂದು, ನೀವು ಬೆಳಿಗ್ಗೆ ಕುಂಕುಮ ಹಚ್ಚಿ ಕರ್ಕೊಂಡು ಬರೂದು!"

"ದೇವರನ್ನ ಅಳ್ಸಬೇಕಾ?"

"ಛೆ! ಆ ಕಳ್ಳ ಇರೂದು ಇದರ ಮೊದಲ ಜಾಗದಲ್ಲಿ, ನಿಮ್ಮ ಪದ್ಯದಲ್ಲಲ್ಲ. ಮೊದಲು ಇದಿಲ್ದೆ ಲಿನಕ್ಸ್ ಹೊಸದಾಗಿ ಹಾಕ್ವ. ಅದು ಎದ್ದ ಮೇಲೆ ಇದನ್ನ ಚುಚ್ಚಿ ಪದ್ಯ ತೆಗ್ದಿಡ್ವ. ಆಮೇಲೆ ಇದನ್ನ ತೊಳೂದು."

ಮಾಲತಿಯ ಮನಸ್ಸು ಸಿಕ್ಕಿಕೊಂಡದ್ದು ಬೇರೆ ಕಡೆ. "ಸ್ತುತಿ ಇಲ್ದೆ ಗುಂಡಿ ಒತ್ತೂದಾ? ಹನ್ನೊಂದು ವರ್ಷದಲ್ಲಿ ಒಂದಿನವೂ ನಾ ಹಾಂಗೆ ಒತ್ತಲಿಲ್ಲ."

"ಹಾಂಗಾದ್ರೆ ನೀವೇ ಹೇಳಿ."

"ನಾ ಕೇಳೂದು ಮಾತ್ರ. ಬಾಯ್ಬಿಟ್ಟು ಹೇಳಿದವಳೇ ಅಲ್ಲ."

ಅರ್ಧ ಗಂಟೆಯಲ್ಲಿ ಲಿನಕ್ಸ್ ಕೂತಿತು. ವಿನೋದ ಕಂಪ್ಯೂಟರು ಆರಿಸಿ, ಗುಂಡಿಯ ಮೇಲೆ ಬೆರಳಿಟ್ಟು ಕಾದ. ಒತ್ತಲಿಲ್ಲ. ಚಪ್ಪಲಿಯನ್ನೂ ಬಿಟ್ಟು ನಿಂತಿದ್ದ. ಪಹಣಿಗೆ ಬಂದ ಇಬ್ಬರು ಗಿರಾಕಿಗಳು ಬಾಗಿಲಲ್ಲೇ ನಿಂತರು.

ಮಾಲತಿ ಕಣ್ಣು ಮುಚ್ಚಿದಳು. ಮೊದಲ ಪದ್ಯ ನಡುಗುತ್ತ ಬಂತು, ಎರಡನೆಯದು ನಡುಗಲಿಲ್ಲ. ಅದರ ಕೊನೆಗೆ ರೆಕಾರ್ಡಿನಲ್ಲಿ ಒಂದು ಕಾಗೆ ಕೂಗುತ್ತದೆ. ಅಷ್ಟು ಹೊತ್ತು ನಿಂತಳು. ಕಾಗೆ ಕೂಗಿ ಮುಗಿಯಿತು ಅನ್ನಿಸಿದ್ದೇ ತಾನಾಗಿ ಬಾಯಿ ತೆರೆಯಿತು:

"ಹೊಳೆಯ ದಾಟುವ ಮುನ್ನ ನೆನೆವೆನು
ಅಳಿವೆ ಬಾಯಲಿ ತೆರೆಯ ತಗ್ಗಿಸು
ತಿಳಿಯದವರಿಗೆ ದಾರಿ ತೋರಿಸು ಆನೆಮೊಗದೊಡೆಯಾ..."

ವಿನೋದ ಗುಂಡಿ ಒತ್ತಿದ. ಐದನೇ ಪದ್ಯ ಮುಗಿಯುವಾಗ ಪರದೆಯ ಮೇಲೆ ಹುಳವಿರಲಿಲ್ಲ, ಬೆಳಕಿತ್ತು.

ಆಮೇಲೆ ಪೆನ್‌ಡ್ರೈವಿನಿಂದ ಬೆಳ್ಳಿಯ ದನಿಯೂ ಸುಖವಾಗಿ ಹೊರಬಂತು, ಕಾಗೆಯ ಸಮೇತ. ಮಧ್ಯಾಹ್ನ ಮಾಲತಿ ಬೆಳಕೆಗೆ ಫೋನು ಹಚ್ಚಿ ಮೂರನೇ ಪದ್ಯ ಪೂರ್ತಿ ಹೇಳಿದಳು.

"ಇದು ನಮ್ಮಪ್ಪಂದೇ ಅಲ್ದನೇ!" ಎಂದಳು ಬೆಳ್ಳಿ. ಮರುಗಳಿಗೆಗೇ, "ಆದ್ರೆ ಅಳಿವೆ ಹತ್ರ ನೀ ಭಾಳ ಎಳ್ದೆ. ಅಷ್ಟೆಲ್ಲ ಎಳೀತ ಕೂತ್ರೆ ದೋಣಿ ಮಗುಚ್ತದೆ. ಇನ್ನೊಂದ್ಸಲ ಹೇಳು, ಕೇಳ್ವ."